ತಾನೇ ತೆರೆದು ತಾನೇ ಮುಚ್ಚುವ ಕವಾಟ

ಯೂರೋಪಿನ ಮನೆಗಳಲ್ಲಿ, ಸಾಮಾನ್ಯವಾಗಿ ಕಿಟಕಿಯ ಕೆಳಗೆ, ಗೋಡೆಗೆ ಒರಗಿದಂತೆ ಒಂದು ಉಕ್ಕಿನ ಫಲಕವಿರುತ್ತದೆ. ಅದರೊಳಗೆ ಬಿಸಿನೀರು ಹರಿಯುತ್ತದೆ. ಇದಕ್ಕೆ ರೇಡಿಯೇಟರ್ ಎಂದು ಹೆಸರು. ಫಲಕದ ಒಂದು ಮೂಲೆಯಲ್ಲಿ, ನೀರು ಒಳಹೊಗುವ ಕೊಳವೆಯ ಮೇಲೆ, ಮುಷ್ಟಿಯೊಳಗೆ ಹಿಡಿಯುವಷ್ಟು ಗಾತ್ರದ ಒಂದು ಗುಬುಟು. ಗುಬುಟಿನ ಸುತ್ತ ೧ರಿಂದ ೫ರವರೆಗೆ ಅಂಕೆಗಳು. ಹಳೆಯ, ಸರಳವಾದ ಬಗೆಯಲ್ಲಿ ಅದಕ್ಕೆ ವಿದ್ಯುತ್ತಿನ ತಂತಿಯಾಗಲಿ ಬ್ಯಾಟರಿಯಾಗಲಿ ಇಲ್ಲ. ಆದರೂ ಕೋಣೆ ಬೆಚ್ಚಗಾದಂತೆ ಅದು ತಾನಾಗಿಯೇ ನೀರನ್ನು ತಡೆಯುತ್ತದೆ. ಕೋಣೆ ತಣ್ಣಗಾದಂತೆ ತಾನಾಗಿಯೇ ನೀರನ್ನು ಬಿಡುತ್ತದೆ. ಇದೇ ಥರ್ಮೋಸ್ಟಾಟ್ ಕವಾಟ.

ನಮ್ಮ ನಾಡಿನ ಮನೆಗಳಿಗೆ ಇದರ ಅಗತ್ಯವಿಲ್ಲ. ಆದರೆ ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್, ಜರ್ಮನಿ ಮುಂತಾದ ದೇಶಗಳಿಗೆ ಹೋಗುವ ನಮ್ಮ ತರುಣ ತರುಣಿಯರು ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಬಾಡಿಗೆ ಕೋಣೆಯನ್ನು ಸೇರಿ, ಚಳಿ ಹೆಜ್ಜೆಯಿಡುವ ಹೊತ್ತಿಗೆ ಮೊದಲು ಎದುರಿಸುವ ಯಂತ್ರಗಳಲ್ಲಿ ಇದೂ ಒಂದು. ಗುಬುಟನ್ನು ೫ಕ್ಕೆ ತಿರುಗಿಸಿದರೂ ಫಲಕವು ಮಂಜಿನಂತೆ ತಣ್ಣಗೇ ಉಳಿಯಬಹುದು. ಅಥವಾ ಪೂರ್ತಿ ಮುಚ್ಚಿದರೂ ಹಗಲಿರುಳೂ ಸುಡುತ್ತಿರಬಹುದು. ಮೊದಲನೆಯದು ಆರೋಗ್ಯಕ್ಕೆ ಕೇಡು, ಎರಡನೆಯದು ಹಣಕ್ಕೆ ಕೇಡು. ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣತೆ ೧೮ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಹೇಳುತ್ತದೆ. ತಣ್ಣನೆಯ ಗೋಡೆಯ ಮೇಲೆ ಉಸಿರಿನ ತೇವವು ಹನಿಗಟ್ಟುತ್ತದೆ. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟಿನಿಂದ ಉಬ್ಬಸವಿರುವವರಿಗೆ ತೊಂದರೆ ಹೆಚ್ಚುತ್ತದೆ. ಆದಕಾರಣ ಇದು ಕೇವಲ ಸೌಖ್ಯದ ಪ್ರಶ್ನೆಯಲ್ಲ.

ಕೆಟ್ಟ ಯಂತ್ರವನ್ನು ಕಂಡೊಡನೆ ಉಪಕರಣಗಳ ಪೆಟ್ಟಿಗೆಯನ್ನು ಹುಡುಕುವುದು ಒಂದು ಮಾರ್ಗ. ಅದು ಹೇಗೆ ಕೆಲಸಮಾಡುತ್ತದೆಂಬುದನ್ನು ಯೋಚಿಸಿ, ಯಾವ ಭಾಗ ಕೆಟ್ಟರೆ ಯಾವ ಲಕ್ಷಣ ಕಾಣಿಸಿಕೊಳ್ಳಬೇಕೆಂದು ಮೊದಲೇ ಊಹಿಸಿ, ಬಳಿಕ ಕೈಹಾಕುವುದು ಇನ್ನೊಂದು. ಎರಡನೆಯದೇ ಭೌತಶಾಸ್ತ್ರದ ಮಾರ್ಗ. ನಾವು ಆ ದಾರಿಯಲ್ಲಿ ನಡೆದು ನೋಡೋಣ.

ಬಿಸಿನೀರಿನ ಸುತ್ತಾಟ

ನಮ್ಮ ಬಚ್ಚಲಿನ ಹಂಡೆಯಲ್ಲಿ ಕಾದ ನೀರನ್ನು ನಾವು ಮೊಗೆದು ಚೆಲ್ಲಿಬಿಡುತ್ತೇವೆ. ಇಲ್ಲಿ ಹಾಗಲ್ಲ. ಒಂದು ಬಾಯ್ಲರಿನಲ್ಲಿ ಕಾಯ್ದ ನೀರನ್ನು ಪಂಪು ಕೊಳವೆಗಳ ಮೂಲಕ ಮನೆಯ ಎಲ್ಲ ರೇಡಿಯೇಟರುಗಳಿಗೂ ಕಳುಹಿಸುತ್ತದೆ. ಶಾಖವನ್ನು ಕೋಣೆಗೆ ಒಪ್ಪಿಸಿ ತಣಿದ ನೀರು ಇನ್ನೊಂದು ಕೊಳವೆಯ ಮೂಲಕ ಬಾಯ್ಲರಿಗೆ ಮರಳಿ, ಪುನಃ ಕಾದು ಹೊರಡುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ನೀರು ಇಲ್ಲಿ ಶಾಖವನ್ನು ಹೊರುವ ಕೂಲಿಯಾಳು ಮಾತ್ರ.

ರೇಡಿಯೇಟರ್ ಎಂಬ ಹೆಸರಿಗೆ ವಿಕಿರಣ ಮಾಡುವ ವಸ್ತುವೆಂದು ಅರ್ಥ. ಆದರೆ ಇಂದಿನ ಫಲಕಗಳು ಕೊಡುವ ಶಾಖದಲ್ಲಿ ಹೆಚ್ಚಿನ ಪಾಲು ವಿಕಿರಣದಿಂದ ಬರುವುದಿಲ್ಲ, ಸಂವಹನದಿಂದ ಬರುತ್ತದೆ. ಫಲಕಕ್ಕೆ ತಗುಲಿದ ಗಾಳಿ ಬಿಸಿಯಾಗಿ ಹಗುರವಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ನೆಲದ ತಣ್ಣನೆಯ ಗಾಳಿ ನುಗ್ಗುತ್ತದೆ. ಹೀಗೆ ಕೋಣೆಯ ಗಾಳಿಯೆಲ್ಲ ಸುತ್ತತೊಡಗುತ್ತದೆ. ಈ ಸಂಗತಿಯನ್ನು ನೆನಪಿಡಬೇಕು. ಮುಂದೆ ಪರದೆ, ಸೋಫಾಗಳ ಮಾತು ಬಂದಾಗ ಇದರ ಉಪಯೋಗವಿದೆ.

ಎಷ್ಟು ನೀರು ಹರಿದರೆ ಸಾಕು? ಒಂದು ಚಿಕ್ಕ ಕೋಣೆಗೆ ೧,೦೦೦ ವಾಟಿನಷ್ಟು ಶಾಖ ಬೇಕೆಂದಿಟ್ಟುಕೊಳ್ಳೋಣ. ನೀರು ರೇಡಿಯೇಟರಿನಲ್ಲಿ ೨೦ ಡಿಗ್ರಿಯಷ್ಟು ತಣಿದು ಹೊರಬರಲಿ. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ತಣಿದರೆ ಸುಮಾರು ೪,೨೦೦ ಜೂಲ್ ಶಾಖ ಬಿಡುಗಡೆಯಾಗುತ್ತದೆ. ೨೦ ಡಿಗ್ರಿಗೆ ೮೪,೦೦೦ ಜೂಲ್. ಸೆಕೆಂಡಿಗೆ ೧,೦೦೦ ಜೂಲ್ ಬೇಕಾದಲ್ಲಿ, ಸೆಕೆಂಡಿಗೆ ಹರಿಯಬೇಕಾದ ನೀರು ಕೇವಲ ೧೨ ಗ್ರಾಂ, ಎಂದರೆ ಸುಮಾರು ಎರಡೂವರೆ ಟೀ ಚಮಚ. ಇಷ್ಟು ಸಣ್ಣ ಹರಿವನ್ನು ಹೆಚ್ಚು ಕಡಮೆ ಮಾಡುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಕೂದಲೆಳೆಯ ಕೆಲವು ಪಟ್ಟು ದಪ್ಪದಷ್ಟು ಸಂದು ತೆರೆದರೆ ಅಥವಾ ಮುಚ್ಚಿದರೆ ಸಾಕು. ಆ ಸಂದನ್ನು ಕಾಯುವುದೇ ನಮ್ಮ ಕವಾಟದ ಕೆಲಸ.

ಕಾವಲುಗಾರನ ವಂಶಾವಳಿ

ಬೆಂಕಿಯನ್ನು ತಾನಾಗಿಯೇ ಹತೋಟಿಯಲ್ಲಿಡುವ ಆಲೋಚನೆ ಹಳೆಯದು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ, ಇಂಗ್ಲೆಂಡಿನ ಅರಸ ಒಂದನೆಯ ಜೇಮ್ಸನ ಆಶ್ರಯದಲ್ಲಿದ್ದ ಡಚ್ ಯಂತ್ರಜ್ಞ ಕಾರ್ನೆಲಿಸ್ ಡ್ರೆಬೆಲ್ಲನು ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಒಂದು ಪೆಟ್ಟಿಗೆಯನ್ನು ರಚಿಸಿದನು. ಪೆಟ್ಟಿಗೆ ಬಿಸಿಯಾದರೆ ಅದರೊಳಗಿನ ಆಲ್ಕೊಹಾಲು ಹಿಗ್ಗಿ ಪಾದರಸವನ್ನು ನೂಕುತ್ತಿತ್ತು. ಪಾದರಸವು ಒಂದು ಕಡ್ಡಿಯನ್ನು ಮೇಲೆತ್ತಿ ಒಲೆಯ ಗಾಳಿಕಂಡಿಯನ್ನು ಮುಚ್ಚುತ್ತಿತ್ತು. ೧೮೩೦ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರೂ ಯೂರ್ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಬಾಗುವಿಕೆಯನ್ನು ಬಳಸಿಕೊಳ್ಳುವ ಸಾಧನಕ್ಕೆ ಪೇಟೆಂಟ್ ಪಡೆದನು. ಥರ್ಮೋಸ್ಟಾಟ್ ಎಂಬ ಹೆಸರನ್ನು ಕೊಟ್ಟವನೂ ಅವನೇ. ೧೮೮೩ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಒಂದು ಶಿಕ್ಷಕರ ಶಾಲೆಯಲ್ಲಿ ಅಧ್ಯಾಪಕನಾಗಿದ್ದ ವಾರೆನ್ ಜಾನ್ಸನ್ ಕೋಣೆಯ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದನು.

ರೇಡಿಯೇಟರಿಗೆಂದೇ, ತಂತಿಯ ಹಂಗಿಲ್ಲದೆ ಕೆಲಸಮಾಡುವ ಥರ್ಮೋಸ್ಟಾಟನ್ನು ರೂಪಿಸಿದವನು ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನ್. ಆಲ್ಸ್ ದ್ವೀಪದ ತನ್ನ ತಂದೆತಾಯಿಗಳ ಹೊಲಮನೆಯಲ್ಲಿ ೧೯೩೩ರಲ್ಲಿ ಅವನು ಆರಂಭಿಸಿದ ಉದ್ಯಮವೇ ಮುಂದೆ ಡ್ಯಾನ್‌ಫಾಸ್ ಎಂದು ಹೆಸರಾಯಿತು. ಮೊದಲು ಅಲ್ಲಿ ಮಾಡುತ್ತಿದ್ದುದು ಶೀತಯಂತ್ರಗಳ ಕವಾಟಗಳನ್ನು. ೧೯೪೩ರಲ್ಲಿ ಕ್ಲೌಸೆನ್ನನು ರೇಡಿಯೇಟರಿನ ಥರ್ಮೋಸ್ಟಾಟನ್ನು ಕಂಡುಹಿಡಿದನು. ೧೯೫೨ರಲ್ಲಿ ಅದು ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ೧೯೭೩ರಲ್ಲಿ ಎಣ್ಣೆಯ ಬೆಲೆ ಒಮ್ಮೆಲೇ ಏರಿದ ಮೇಲೆ ಇಂಧನದ ಉಳಿತಾಯವು ಸರಕಾರಗಳ ಚಿಂತೆಯಾಯಿತು. ಪಶ್ಚಿಮ ಜರ್ಮನಿಯು ೧೯೭೮ರಲ್ಲಿ ನಿಯಮಗಳನ್ನು ಮಾಡಿ, ಕೋಣೆಕೋಣೆಗೂ ತಾನಾಗಿ ಕೆಲಸಮಾಡುವ ನಿಯಂತ್ರಣವಿರಬೇಕೆಂದು ವಿಧಿಸಿತು. ಈಗ ಯೂರೋಪಿನಲ್ಲಿ ಈ ಗುಬುಟು ಸರ್ವೇಸಾಮಾನ್ಯ.

ಗುಬುಟಿನೊಳಗಿನ ಮೇಣ

ಕವಾಟಕ್ಕೆ ಎರಡು ಭಾಗಗಳಿವೆ. ನೀರು ಹರಿಯುವ ಹಿತ್ತಾಳೆಯ ಭಾಗವನ್ನು ಒಡಲು ಎಂದೂ, ಅದರ ಮೇಲೆ ಕೂಡಿಸಿದ ಅಂಕೆಗಳ ಗುಬುಟನ್ನು ತಲೆ ಎಂದೂ ಕರೆಯೋಣ.

ಒಡಲಿನೊಳಗೆ ನೀರಿನ ದಾರಿಗೆ ಅಡ್ಡವಾಗಿ ಒಂದು ಪೀಠ. ಅದನ್ನು ಮುಚ್ಚಬಲ್ಲ ಒಂದು ರಬ್ಬರಿನ ಬಿಲ್ಲೆ. ಬಿಲ್ಲೆಗೆ ಸೇರಿ ಹೊರಕ್ಕೆ ಚಾಚಿರುವ ಒಂದು ಸಣ್ಣ ಲೋಹದ ಪಿನ್ನು. ಬಿಲ್ಲೆಯನ್ನು ಪೀಠದಿಂದ ಮೇಲಕ್ಕೆತ್ತುವಂತೆ, ಅಂದರೆ ಪಿನ್ನನ್ನು ಹೊರಕ್ಕೆ ನೂಕುವಂತೆ, ಒಂದು ಸ್ಪ್ರಿಂಗು ಸದಾ ಒತ್ತುತ್ತಿರುತ್ತದೆ. ಆದುದರಿಂದ ಪಿನ್ನನ್ನು ಯಾರೂ ಮುಟ್ಟದಿದ್ದರೆ ಕವಾಟವು ತೆರೆದೇ ಇರುತ್ತದೆ.

ತಲೆಯೊಳಗೆ ಮೇಣ ತುಂಬಿದ ಒಂದು ಪುಟ್ಟ ಡಬ್ಬಿ ಇರುತ್ತದೆ. ಕೆಲವು ಬಗೆಗಳಲ್ಲಿ ಮೇಣದ ಬದಲು ದ್ರವ ಅಥವಾ ಅನಿಲ ತುಂಬಿದ, ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಲೋಹದ ಕೋಶವಿರುತ್ತದೆ. ಕೋಣೆಯ ಗಾಳಿ ಬಿಸಿಯಾದಂತೆ ಮೇಣವು ಹಿಗ್ಗಿ, ಒಂದು ಕೊಂತವನ್ನು ಮುಂದೊತ್ತಿ, ಪಿನ್ನನ್ನು ಒಳಕ್ಕೆ ದಬ್ಬುತ್ತದೆ. ಬಿಲ್ಲೆ ಪೀಠದತ್ತ ಇಳಿದು ಹರಿವು ಕಡಮೆಯಾಗುತ್ತದೆ. ಕೋಣೆ ತಣಿದರೆ ಮೇಣ ಕುಗ್ಗುತ್ತದೆ, ಸ್ಪ್ರಿಂಗು ಬಿಲ್ಲೆಯನ್ನು ಮೇಲಕ್ಕೆತ್ತುತ್ತದೆ. ಮೇಣಕ್ಕೂ ಸ್ಪ್ರಿಂಗಿಗೂ ನಡೆಯುವ ಈ ಹಗ್ಗಜಗ್ಗಾಟವೇ ಯಂತ್ರದ ಸರ್ವಸ್ವ.

ಕಬ್ಬಿಣವೂ ಹಿಗ್ಗುತ್ತದೆ, ಮೇಣವೇ ಏಕೆ ಬೇಕು? ಹತ್ತು ಸೆಂಟಿಮೀಟರ್ ಉದ್ದದ ಕಬ್ಬಿಣದ ಸರಳು ಒಂದು ಡಿಗ್ರಿ ಬಿಸಿಯಾದರೆ ಉದ್ದವಾಗುವುದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಅದರಿಂದ ಯಾವ ಕವಾಟವೂ ಅಲುಗದು. ಪ್ಯಾರಫಿನ್ ಮೇಣವಾದರೋ ಕರಗುವಾಗ ಗಾತ್ರದಲ್ಲಿ ನೂರಕ್ಕೆ ಹತ್ತರಷ್ಟು ಅಥವಾ ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಮೇಣದಬತ್ತಿಯ ಚೂರುಗಳನ್ನು ಒಂದು ಹಳೆಯ ಲೋಹದ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಹಿರಿಯರ ಸಮ್ಮುಖದಲ್ಲಿ ಕರಗಿಸಿರಿ. ಕರಗಿದ ಮೇಣದ ಮಟ್ಟ ಸಮವಾಗಿರುತ್ತದೆ. ಆರಿ ಗಟ್ಟಿಯಾದ ಮೇಲೆ ನೋಡಿದರೆ ನಡುವೆ ಗುಳಿ ಬಿದ್ದಿರುತ್ತದೆ. ಆ ಗುಳಿಯೇ ಮೇಣವು ಕುಗ್ಗಿದ ಪ್ರಮಾಣಕ್ಕೆ ಸಾಕ್ಷಿ. ಥರ್ಮೋಸ್ಟಾಟಿನಲ್ಲಿ ಬಳಸುವ ಮೇಣವನ್ನು ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿಯೇ ಚೆನ್ನಾಗಿ ಹಿಗ್ಗುವಂತೆ ಹದಗೊಳಿಸಿರುತ್ತಾರೆ.

ಅಂಕೆಗಳ ಅರ್ಥ

ತಲೆಯನ್ನು ತಿರುಗಿಸಿದಾಗ ನಾವು ನೀರಿನ ದಾರಿಯನ್ನು ನೇರವಾಗಿ ತೆರೆಯುವುದಿಲ್ಲ. ಮೇಣದ ಡಬ್ಬಿಯನ್ನು ಪಿನ್ನಿನ ಹತ್ತಿರಕ್ಕೆ ತರುತ್ತೇವೆ ಅಥವಾ ದೂರ ಸರಿಸುತ್ತೇವೆ, ಅಷ್ಟೆ. ಹತ್ತಿರವಿದ್ದರೆ ಸ್ವಲ್ಪ ಹಿಗ್ಗಿದರೂ ಕವಾಟ ಮುಚ್ಚುತ್ತದೆ. ದೂರವಿದ್ದರೆ ಹೆಚ್ಚು ಹಿಗ್ಗಬೇಕಾಗುತ್ತದೆ. ಸಾಮಾನ್ಯವಾಗಿ ೩ ಎಂಬ ಅಂಕೆ ೨೦ ಡಿಗ್ರಿಯ ಸುಮಾರಿಗೆ ಹೊಂದುತ್ತದೆ; ಒಂದೊಂದು ಅಂಕೆಗೂ ಮೂರು ನಾಲ್ಕು ಡಿಗ್ರಿಗಳ ವ್ಯತ್ಯಾಸ. ಹಿಮದ ಹರಳಿನ ಗುರುತು ಬರೆದಿರುವ ಸ್ಥಾನದಲ್ಲಿ, ಕೋಣೆಯ ಉಷ್ಣತೆ ೬–೮ ಡಿಗ್ರಿಗೆ ಇಳಿದಾಗ ಮಾತ್ರ ಕವಾಟವು ತೆರೆದು, ಕೊಳವೆಯ ನೀರು ಹೆಪ್ಪುಗಟ್ಟದಂತೆ ಕಾಪಾಡುತ್ತದೆ.

ಹೀಗೆಂದಮೇಲೆ ಈ ಗುಬುಟು ನಲ್ಲಿಯಲ್ಲ. ಅದು ನಾವು ಕೊಡುವ ಗುರಿ. ಹತ್ತು ಡಿಗ್ರಿಯ ಕೋಣೆಯನ್ನು ಇಪ್ಪತ್ತಕ್ಕೆ ಏರಿಸಬೇಕಾದಾಗ ೩ರಲ್ಲಿಟ್ಟರೂ ೫ರಲ್ಲಿಟ್ಟರೂ ಆರಂಭದಲ್ಲಿ ಕವಾಟವು ಚೆನ್ನಾಗಿ ತೆರೆದೇ ಇರುತ್ತದೆ. ೫ರಲ್ಲಿಟ್ಟರೆ ಕೋಣೆ ಬೇಗ ಕಾಯುವುದಿಲ್ಲ. ಇಪ್ಪತ್ತರಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಅದರ ವೆಚ್ಚವೆಷ್ಟು? ಮನೆಯಿಂದ ಹೊರಹೋಗುವ ಶಾಖವು ಒಳಗಿನ ಹೊರಗಿನ ಉಷ್ಣತೆಗಳ ಅಂತರಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆ. ಹೊರಗೆ ೫, ಒಳಗೆ ೨೦ ಡಿಗ್ರಿಯಾದರೆ ಅಂತರ ೧೫. ಒಳಗೆ ೨೧ ಮಾಡಿದರೆ ಅಂತರ ೧೬. ಒಂದೇ ಡಿಗ್ರಿಗೆ ಹದಿನೈದರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಆರೇಳರಷ್ಟು ಶಾಖ ಹೆಚ್ಚಾಗಿ ಬೇಕಾಗುತ್ತದೆ.

ಇನ್ನೊಂದು ಮಾತು. ಗುರಿಯು ಸಮೀಪಿಸಿದಂತೆ ಕವಾಟವು ಒಮ್ಮೆಲೇ ಮುಚ್ಚಿಕೊಳ್ಳುವುದಿಲ್ಲ; ಸುಮಾರು ಎರಡು ಡಿಗ್ರಿಗಳ ಅಂತರದಲ್ಲಿ ಸ್ವಲ್ಪಸ್ವಲ್ಪವಾಗಿ ಕಿರಿದಾಗುತ್ತದೆ. ಕೋಣೆಯ ಉಷ್ಣತೆ ಕವಾಟವನ್ನು ನಡೆಸುತ್ತದೆ, ಕವಾಟವು ಕೋಣೆಯ ಉಷ್ಣತೆಯನ್ನು ನಡೆಸುತ್ತದೆ. ಕಾರ್ಯದ ಫಲವು ಕಾರಣವನ್ನೇ ತಿದ್ದುವ ಈ ಏರ್ಪಾಡಿಗೆ ಫೀಡ್‌ಬ್ಯಾಕ್ ಎಂದು ಹೆಸರು.

ದೋಷ ಹೌದೇ, ಅಲ್ಲವೇ?

ಇಷ್ಟು ತಿಳಿದ ಮೇಲೆ ರೋಗಪರೀಕ್ಷೆಗೆ ಕೈಹಚ್ಚಬಹುದು. ಬೇಕಾದ ಮೊದಲನೆಯ ಉಪಕರಣ ಸ್ಪ್ಯಾನರಲ್ಲ, ಉಷ್ಣತಾಮಾಪಕ. ‘ರೇಡಿಯೇಟರ್ ತಣ್ಣಗಿದೆ’ ಎಂಬುದು ದೂರಲ್ಲ. ‘ಕೋಣೆ ತಣ್ಣಗಿದ್ದರೂ ರೇಡಿಯೇಟರ್ ತಣ್ಣಗಿದೆ’ ಎಂಬುದೇ ದೂರು. ಕೋಣೆಯು ೨೧ ಡಿಗ್ರಿಯಲ್ಲಿದ್ದು, ತಲೆಯು ೩ರಲ್ಲಿದ್ದು, ಫಲಕ ತಣ್ಣಗಿದ್ದರೆ ಕವಾಟವು ತನ್ನ ಕರ್ತವ್ಯವನ್ನು ಚೆನ್ನಾಗಿ ಮಾಡುತ್ತಿದೆಯೆಂದೇ ಅರ್ಥ. ಉಷ್ಣತಾಮಾಪಕವನ್ನು ಬಿಸಿಲಿಗೂ ಫಲಕಕ್ಕೂ ದೂರವಾಗಿ, ಕೋಣೆಯ ನಡುವೆ, ಮೇಜಿನ ಎತ್ತರದಲ್ಲಿಟ್ಟು ಅರ್ಧ ಗಂಟೆಯ ಬಳಿಕ ಓದಬೇಕು.

ಕೋಣೆಯ ನಡುವೆ ೧೫ ಡಿಗ್ರಿಯಿದ್ದೂ ಫಲಕವು ತಣ್ಣಗಾಗಿಬಿಟ್ಟರೆ, ತಲೆಯ ಸುತ್ತಮುತ್ತ ನೋಡಿರಿ. ದಪ್ಪ ಪರದೆ ಅದರ ಮೇಲೆ ಇಳಿಬಿದ್ದಿದೆಯೇ? ಸೋಫಾ ಅಥವಾ ಮೇಜು ಅದಕ್ಕೆ ಒತ್ತಿಕೊಂಡಿದೆಯೇ? ಹಾಗಿದ್ದರೆ ಫಲಕದಿಂದೆದ್ದ ಬಿಸಿಗಾಳಿ ಅಲ್ಲಿಯೇ ಸಿಕ್ಕಿಕೊಂಡು, ಮೇಣಕ್ಕೆ ಇಡೀ ಕೋಣೆಯೇ ಕಾದಿದೆಯೆಂಬ ಭ್ರಮೆಯುಂಟಾಗುತ್ತದೆ. ಮೇಣವು ಬಲ್ಲುದು ತನ್ನನ್ನು ಮುಟ್ಟುವ ಗಾಳಿಯ ಉಷ್ಣತೆಯನ್ನು ಮಾತ್ರ. ಪರದೆಯನ್ನು ಎತ್ತಿಕಟ್ಟಿದರೆ ರೋಗ ವಾಸಿ. ಇದಕ್ಕೆ ವಿರುದ್ಧವಾಗಿ, ತೆರೆದ ಕಿಟಕಿಯ ತಂಗಾಳಿ ತಲೆಯ ಮೇಲೆ ಬೀಸುತ್ತಿದ್ದರೆ ಕವಾಟವು ಎಂದಿಗೂ ಮುಚ್ಚದು.

ಹಾಗೆಯೇ ಗೋಡೆಯ ಥರ್ಮೋಸ್ಟಾಟಿನಿಂದ ಬಾಯ್ಲರನ್ನೇ ನಡೆಸುವ ಮನೆಗಳೂ ಉಂಟು. ಆ ಥರ್ಮೋಸ್ಟಾಟಿರುವ ಕೋಣೆ ಕಾದೊಡನೆ ಬಾಯ್ಲರು ನಿಲ್ಲುತ್ತದೆ. ಉಳಿದ ಕೋಣೆಗಳು ತಣ್ಣಗಿದ್ದರೂ ಅದಕ್ಕೆ ತಿಳಿಯದು. ಅಲ್ಲಿ ದೋಷವಿರುವುದು ಕವಾಟದಲ್ಲಲ್ಲ, ಏರ್ಪಾಡಿನಲ್ಲಿ.

ಕೋಣೆ ತಣ್ಣಗೇ ಉಳಿದಾಗ

ಈಗ ನಿಜವಾದ ದೋಷಕ್ಕೆ ಬರೋಣ. ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಿಕೊಳ್ಳಬೇಕು.

ಮೊದಲನೆಯದು: ಮನೆಯ ಉಳಿದ ರೇಡಿಯೇಟರುಗಳು ಬಿಸಿಯಾಗಿವೆಯೇ? ಎಲ್ಲವೂ ತಣ್ಣಗಿದ್ದರೆ ತಪ್ಪು ಬಾಯ್ಲರಿನದೋ, ಪಂಪಿನದೋ, ಅವುಗಳ ಗಡಿಯಾರದ್ದೋ ಆಗಿರಬೇಕು. ಎಲ್ಲ ಕವಾಟಗಳೂ ಒಂದೇ ದಿನ ಕೆಡುವುದು ತೀರ ಅಪರೂಪ.

ಎರಡನೆಯದು: ಫಲಕದಲ್ಲಿ ತಣ್ಣಗಿರುವ ಭಾಗ ಯಾವುದು? ಅಡಿಯಲ್ಲಿ ಬಿಸಿ, ತಲೆಯಲ್ಲಿ ತಣ್ಣಗೆ ಎಂದಾದರೆ ಮೇಲುಗಡೆ ಗಾಳಿ ತುಂಬಿಕೊಂಡಿದೆ. ಮೇಲಿನ ಮೂಲೆಯಲ್ಲಿರುವ ಪುಟ್ಟ ತಿರುಪನ್ನು, ಅದಕ್ಕೆಂದೇ ಇರುವ ಕೀಲಿಯಿಂದ ಅರ್ಧ ಸುತ್ತು ಸಡಿಲಿಸಿದರೆ ಗಾಳಿ ಬುಸ್ಸೆಂದು ಹೊರಡುತ್ತದೆ. ನೀರು ಜಿನುಗಿದೊಡನೆ ಬಿಗಿಯಬೇಕು. ಪಂಪನ್ನು ಮೊದಲೇ ನಿಲ್ಲಿಸಿ, ನೀರು ಆರಿದ ಮೇಲೆ, ಕೆಳಗೊಂದು ಬಟ್ಟೆಯನ್ನು ಹಿಡಿದು ಇದನ್ನು ಮಾಡತಕ್ಕದ್ದು. ಬಳಿಕ ಬಾಯ್ಲರಿನ ಒತ್ತಡಮಾಪಕವನ್ನು ನೋಡಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ತಣ್ಣಗಿರುವಾಗ ಅದು ಸಾಮಾನ್ಯವಾಗಿ ೧ರಿಂದ ೧.೫ ಬಾರ್ ತೋರಿಸುತ್ತದೆ. ಮೇಲುಗಡೆ ಬಿಸಿ, ಅಡಿಯ ನಡುಭಾಗ ತಣ್ಣಗೆ ಎಂದಾದರೆ ತುಕ್ಕಿನ ಕಪ್ಪು ರಾಡಿ ತಳದಲ್ಲಿ ಕುಳಿತಿದೆ. ಅದನ್ನು ತೊಳೆಯುವುದು ಕಸಬುದಾರನ ಕೆಲಸ. ಈ ಎರಡರಲ್ಲಿಯೂ ನಮ್ಮ ಕವಾಟವು ನಿರಪರಾಧಿ.

ಮೂರನೆಯದು: ಇಡೀ ಫಲಕವೇ ತಣ್ಣಗಿದ್ದರೆ, ಕವಾಟಕ್ಕೆ ನೀರು ತರುವ ಕೊಳವೆ ಹೇಗಿದೆ? ಅದನ್ನು ಬೆರಳಿನಿಂದ ಕ್ಷಣಮಾತ್ರ ಮುಟ್ಟಿ ನೋಡಬೇಕು; ೬೦–೭೦ ಡಿಗ್ರಿಯ ಲೋಹ ಸುಡುತ್ತದೆ. ಕೊಳವೆ ಬಿಸಿಯಾಗಿದ್ದು ಫಲಕ ತಣ್ಣಗಿದ್ದರೆ ಬಿಸಿನೀರು ಬಾಗಿಲವರೆಗೆ ಬಂದು ಒಳಹೊಗಲಾರದೆ ನಿಂತಿದೆ. ಫಲಕದ ಇನ್ನೊಂದು ತುದಿಯಲ್ಲಿ ಟೋಪಿಯಂತಹ ಮುಚ್ಚಳದಡಿಯಲ್ಲಿ ಎರಡನೆಯದೊಂದು ಕವಾಟವಿರುತ್ತದೆ. ಎಲ್ಲ ಕೋಣೆಗಳಿಗೂ ನೀರು ಸಮನಾಗಿ ಹಂಚಿಕೆಯಾಗಲೆಂದು ಕಸಬುದಾರನು ಅದನ್ನು ಒಂದು ಅಳತೆಗೆ ನಿಲ್ಲಿಸಿರುತ್ತಾನೆ. ಯಾರಾದರೂ ಅದನ್ನು ಮುಚ್ಚಿಬಿಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಅದು ತೆರೆದಿದೆಯೆಂದು ಖಚಿತವಾದರೆ, ಸಂಶಯವು ಥರ್ಮೋಸ್ಟಾಟ್ ಕವಾಟದ ಮೇಲೆ ನಿಲ್ಲುತ್ತದೆ.

ಈಗ ತಲೆಯನ್ನು ೫ಕ್ಕೆ ತಿರುಗಿಸಿ, ಅದನ್ನು ಒಡಲಿಗೆ ಬಿಗಿದಿರುವ ಉಂಗುರವನ್ನು ಸಡಿಲಿಸಿ, ತಲೆಯನ್ನು ಮೆಲ್ಲನೆ ಹೊರತೆಗೆಯಬೇಕು. ಇದರಿಂದ ನೀರು ಹೊರಬರುವುದಿಲ್ಲ. ತಲೆಗೂ ನೀರಿಗೂ ಸಂಪರ್ಕವಿಲ್ಲ. ಒಡಲಿನ ನಡುವೆ ಪಿನ್ನು ಕಾಣುತ್ತದೆ. ಒಂದು ಮರದ ತುಂಡಿನಿಂದ ಅದನ್ನು ಒಳಕ್ಕೆ ಒತ್ತಿ ಬಿಟ್ಟರೆ, ಸ್ಪ್ರಿಂಗಿನ ಬಲದಿಂದ ಅದು ಕೆಲವು ಮಿಲಿಮೀಟರ್ ಹೊರಕ್ಕೆ ನೆಗೆಯಬೇಕು. ನೆಗೆಯದೆ ಒಳಗೇ ಕುಳಿತಿದ್ದರೆ ದೋಷ ಸಿಕ್ಕಿತು: ಪಿನ್ನು ಹಿಡಿದುಕೊಂಡಿದೆ.

ಈ ರೋಗವು ಚಳಿಗಾಲದ ಮೊದಲ ವಾರದಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವುದೇಕೆ? ಬೇಸಗೆಯ ತಿಂಗಳುಗಳಲ್ಲಿ ಜನರು ತಲೆಯನ್ನು ಪೂರ್ತಿ ಮುಚ್ಚಿಡುತ್ತಾರೆ. ರಬ್ಬರಿನ ಬಿಲ್ಲೆ ಪೀಠಕ್ಕೆ ಒತ್ತಿಕೊಂಡು ಅಂಟುತ್ತದೆ. ಪಿನ್ನಿನ ಸುತ್ತ ಸುಣ್ಣವೂ ತುಕ್ಕಿನ ಕಣಗಳೂ ಕೂಡಿಕೊಳ್ಳುತ್ತವೆ. ಅಕ್ಟೋಬರಿನಲ್ಲಿ ತಲೆಯು ಹಿಂದೆ ಸರಿದರೂ, ಸ್ಪ್ರಿಂಗಿನ ಬಲಕ್ಕಿಂತ ಘರ್ಷಣೆಯ ಬಲವೇ ಹೆಚ್ಚಾಗಿ ಪಿನ್ನು ಮೇಲೇಳುವುದಿಲ್ಲ.

ಚಿಕಿತ್ಸೆ ಸರಳ, ಆದರೆ ತಾಳ್ಮೆ ಬೇಕು. ಪಿನ್ನನ್ನು ಇನ್ನಷ್ಟು ಒಳಕ್ಕೆ ಒತ್ತಿ ಒತ್ತಿ ಬಿಡಬೇಕು. ಒಡಲಿನ ಪಕ್ಕಕ್ಕೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬಹುದು. ಪಿನ್ನಿನ ಬುಡಕ್ಕೆ ಒಂದು ಹನಿ ಸಿಲಿಕೋನ್ ಎಣ್ಣೆ ಬಿಡಬಹುದು. ಹಲವು ಸಲ ಹೀಗೆ ಮಾಡಿದರೆ ಅನೇಕ ಪಿನ್ನುಗಳು ಬಿಡಿಸಿಕೊಳ್ಳುತ್ತವೆ. ಒಡನೆಯೇ ನೀರು ಹರಿಯುವ ಸದ್ದು ಕೇಳಿ, ಕೆಲವು ನಿಮಿಷಗಳಲ್ಲಿ ಫಲಕ ಬೆಚ್ಚಗಾಗುತ್ತದೆ. ಆದರೆ ಇಕ್ಕಳದಿಂದ ಪಿನ್ನನ್ನು ಹಿಡಿದು ಜಗ್ಗಬಾರದು. ಪಿನ್ನು ಕಿತ್ತುಬಂದರೆ ಒತ್ತಡದಲ್ಲಿರುವ ಬಿಸಿನೀರು ಅದರ ಹಿಂದೆಯೇ ಚಿಮ್ಮುತ್ತದೆ. ಹತ್ತಾರು ಸಲ ಯತ್ನಿಸಿಯೂ ಪಿನ್ನು ಬಿಡಿಸಿಕೊಳ್ಳದಿದ್ದರೆ ಒಡಲನ್ನು ಬದಲಿಸಬೇಕು. ಅದಕ್ಕೆ ಸಾಮಾನ್ಯವಾಗಿ ನೀರನ್ನು ಬಸಿಯಬೇಕಾಗುವುದರಿಂದ ಕಸಬುದಾರನನ್ನು ಕರೆಯುವುದೇ ಲೇಸು.

ಕಾವು ನಿಲ್ಲದಿದ್ದಾಗ

ಇದಕ್ಕೆ ವಿರುದ್ಧವಾದ ಪ್ರಸಂಗವನ್ನು ನೋಡೋಣ. ತಲೆಯನ್ನು ಪೂರ್ತಿ ಮುಚ್ಚಿ ಒಂದು ಗಂಟೆಯಾಗಿದೆ, ಕೋಣೆ ೨೫ ಡಿಗ್ರಿಗೇರಿದೆ, ಆದರೂ ಫಲಕ ಸುಡುತ್ತಿದೆ. ಕಾರಣವೇನಿರಬಹುದು?

ತಲೆಯನ್ನು ತೆಗೆದು, ಪಿನ್ನನ್ನು ಮರದ ತುಂಡಿನಿಂದ ಬಲವಾಗಿ ಒಳಕ್ಕೊತ್ತಿ ಕೆಲವು ನಿಮಿಷ ಹಿಡಿದುಕೊಳ್ಳಬೇಕು. ನೀರಿನ ಸದ್ದು ನಿಂತು, ಕವಾಟದಿಂದಾಚೆಗಿನ ಲೋಹ ಕ್ರಮೇಣ ತಣಿದರೆ ಒಡಲು ಆರೋಗ್ಯವಾಗಿದೆ, ಕೆಟ್ಟಿರುವುದು ತಲೆ. ಅದರ ಡಬ್ಬಿಯಿಂದ ಮೇಣವೋ ದ್ರವವೋ ಸೋರಿಹೋಗಿದ್ದು, ಪಿನ್ನನ್ನು ಒತ್ತುವವರಿಲ್ಲದೆ ಸ್ಪ್ರಿಂಗು ಕವಾಟವನ್ನು ತೆರೆದಿಟ್ಟಿದೆ. ತಲೆಯನ್ನು ಮಾತ್ರ ಬದಲಿಸಿದರೆ ಸಾಕು, ನೀರನ್ನು ಬಸಿಯಬೇಕಾಗಿಲ್ಲ. ಹೊಸ ತಲೆಯು ಹಳೆಯ ಒಡಲಿಗೆ ಹೊಂದುವ ಬಗೆಯದೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಪಿನ್ನು ಒಳಸರಿಯದೆ ನಿಂತಿದ್ದರೆ, ಅದು ತೆರೆದ ಸ್ಥಿತಿಯಲ್ಲಿ ಹಿಡಿದುಕೊಂಡಿದೆ. ಪಿನ್ನು ಸರಾಗವಾಗಿ ಒಳಸರಿದೂ ನೀರು ಹರಿಯುತ್ತಲೇ ಇದ್ದರೆ, ಪೀಠದ ಮೇಲೆ ಕಸ ಸಿಕ್ಕಿದೆ ಅಥವಾ ಬಿಲ್ಲೆ ಸವೆದಿದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಮೇಣ ಸೋರಿಹೋದರೆ ಸ್ಪ್ರಿಂಗು ಗೆಲ್ಲುತ್ತದೆ, ಆದುದರಿಂದ ಕೋಣೆ ಸದಾ ಬಿಸಿ. ಘರ್ಷಣೆ ಗೆದ್ದರೆ ಪಿನ್ನು ಕೊನೆಯ ಬಾರಿ ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತದೆ; ಬೇಸಗೆಯಲ್ಲಿ ಮುಚ್ಚಿದ್ದರಿಂದ ಕೋಣೆ ಸದಾ ತಣ್ಣಗೆ. ಆದುದರಿಂದ ತಲೆಯನ್ನು ಬಿಚ್ಚುವ ಮುನ್ನವೇ, ‘ಸದಾ ಬಿಸಿ’ ಎಂಬ ದೂರು ಬಂದಲ್ಲಿ ತಲೆಯ ಮೇಲೆಯೂ, ‘ಸದಾ ತಣ್ಣಗೆ’ ಎಂಬ ದೂರು ಬಂದಲ್ಲಿ ಪಿನ್ನಿನ ಮೇಲೆಯೂ ಮೊದಲು ಸಂಶಯ ಪಡಬಹುದು. ಮದ್ದಿಗಿಂತ ಪಥ್ಯ ಲೇಸೆಂಬಂತೆ, ಬೇಸಗೆಯಲ್ಲಿ ಬಾಯ್ಲರಿನ ತಾಪನ ಪೂರ್ತಿ ನಿಂತ ಮೇಲೆ ತಲೆಯನ್ನು ೫ರಲ್ಲಿಟ್ಟು, ಆಗಾಗ ಒಂದೆರಡು ಸಲ ತಿರುಗಿಸುತ್ತಿದ್ದರೆ ಪಿನ್ನು ಹಿಡಿದುಕೊಳ್ಳುವ ಸಂಭವ ಕಡಮೆ.

ಎಲ್ಲಿ ನಿಲ್ಲಬೇಕು?

ಬಾಡಿಗೆ ಕೋಣೆಯಲ್ಲಿರುವವರು ತಲೆಯನ್ನು ಬಿಚ್ಚುವ ಮುನ್ನವೇ ಮನೆಯ ಮಾಲೀಕರಿಗೋ ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೋ ತಿಳಿಸಿ ಒಪ್ಪಿಗೆ ಪಡೆಯಬೇಕು. ‘ಕೋಣೆ ತಣ್ಣಗಿದೆ’ ಎಂದಷ್ಟೇ ಬರೆಯುವುದರ ಬದಲು, ‘ಉಳಿದ ಕೋಣೆಗಳು ಬಿಸಿಯಾಗಿವೆ, ಕವಾಟದವರೆಗೆ ಕೊಳವೆ ಬಿಸಿಯಾಗಿದೆ, ಫಲಕ ಪೂರ್ತಿ ತಣ್ಣಗಿದೆ, ಕೋಣೆಯ ಉಷ್ಣತೆ ೧೪ ಡಿಗ್ರಿ’ ಎಂದು ಬರೆದರೆ ರಿಪೇರಿಗೆ ಬರುವವನು ಸರಿಯಾದ ಸಾಮಾನಿನೊಡನೆಯೇ ಬರುವನು. ಒಡಲಿನ ದೊಡ್ಡ ನಟ್ಟುಗಳನ್ನು ಬಿಚ್ಚಬಾರದು. ಅವುಗಳ ಹಿಂದೆ ನೀರಿದೆ. ಗ್ಯಾಸ್ ಬಾಯ್ಲರಿನ ಮುಚ್ಚಳದೊಳಗೆ ಎಂದಿಗೂ ಕೈಹಾಕಬಾರದು. ಅಲ್ಲಿಯ ತಪ್ಪಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲುದು. ಬ್ರಿಟನ್ನಿನಲ್ಲಿ ಗ್ಯಾಸ್ ಕೆಲಸ ಮಾಡುವ ಕಸಬುದಾರರು ಅದಕ್ಕೆಂದೇ ನೋಂದಾಯಿತರಾಗಿರಬೇಕೆಂಬುದು ಕಾನೂನು.

ನಮ್ಮ ಮನೆಯ ಥರ್ಮೋಸ್ಟಾಟುಗಳು

ರೇಡಿಯೇಟರನ್ನು ಕಾಣದ ವಾಚಕರಿಗೂ ಈ ವಿಚಾರಸರಣಿಯ ಉಪಯೋಗವಿದೆ. ಕಾರು, ಬಸ್ಸುಗಳ ಎಂಜಿನ್ನಿನಲ್ಲಿಯೂ ಮೇಣದ ಥರ್ಮೋಸ್ಟಾಟಿದೆ. ಆದರೆ ಅಲ್ಲಿ ಸ್ಪ್ರಿಂಗಿನ ಪಾತ್ರ ತಿರುಗುಮುರುಗು: ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ, ಹಿಗ್ಗಿದ ಮೇಣವು ಅದನ್ನು ತೆರೆದು ಬಿಸಿನೀರನ್ನು ತಣಿಸಲು ಕಳುಹಿಸುತ್ತದೆ. ಹಾಗಾದರೆ ಅಲ್ಲಿ ಮೇಣ ಸೋರಿಹೋದರೆ ಏನಾದೀತು? ಸ್ಪ್ರಿಂಗು ಗೆದ್ದು ಕವಾಟ ಮುಚ್ಚಿಯೇ ಉಳಿದು, ಎಂಜಿನ್ನು ಕುದಿಯತೊಡಗುತ್ತದೆ. ಮೇಣ ಅದೇ, ಸ್ಪ್ರಿಂಗು ಅದೇ. ಸ್ಪ್ರಿಂಗು ನಿಂತ ಪಕ್ಷ ಬೇರೆಯಾದ್ದರಿಂದ ರೋಗಲಕ್ಷಣವೂ ಬೇರೆ.

ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಮೇಣದ ಬದಲು ಯೂರನು ಬಳಸಿದಂತಹ ಎರಡು ಲೋಹಗಳ ಪಟ್ಟಿಯಿದೆ. ಅದು ಕಾದು ಬಾಗಿ ವಿದ್ಯುತ್ತಿನ ಸಂಪರ್ಕವನ್ನು ಬಿಡಿಸುತ್ತದೆ. ಸಂಪರ್ಕದ ಬಿಂದುಗಳು ಕಿಡಿಯಿಂದ ಬೆಸೆದುಕೊಂಡುಬಿಟ್ಟರೆ ಪೆಟ್ಟಿಗೆ ಯಾವ ಕಡೆಗೆ ಕೆಡುತ್ತದೆ? ನೀರು ಕಾಯಿಸುವ ಗೀಸರಿನಲ್ಲಿ ಥರ್ಮೋಸ್ಟಾಟಿನ ಜೊತೆಗೆ ಬೇರೊಂದು ಶಾಖತಡೆಯನ್ನೂ, ಒತ್ತಡ ಮಿತಿಮೀರಿದರೆ ತೆರೆಯುವ ಕವಾಟವನ್ನೂ ಇಟ್ಟಿರುವುದೇಕೆ? ರೇಡಿಯೇಟರಿಗೆ ಅಂತಹ ಎರಡನೆಯ ಕಾವಲು ಬೇಡವಾದುದೇಕೆ? ಉತ್ತರವನ್ನು ವಾಚಕರು ತಾವೇ ಆಲೋಚಿಸಿ ಕಂಡುಕೊಳ್ಳಲಿ. ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚುವ ಅಗತ್ಯವಿಲ್ಲ. ಒಂದು ಹಾಳೆಯ ಮೇಲೆ ಅದರ ಚಿತ್ರ ಬರೆದು, ಕಾವಲುಗಾರನು ಕಣ್ಮುಚ್ಚಿದರೆ ಯಾವ ಬಲ ಗೆಲ್ಲುತ್ತದೆಂದು ಬಾಣದ ಗುರುತು ಹಾಕಿದರೆ ಸಾಕು.